ಒತ್ತಿದ್ದೋ, ಎಳೆದದ್ದೋ? – ಟಚ್‌ಸ್ಕ್ರೀನ್ ಬಟನ್‌ನ ತೀರ್ಪನ್ನು ಗಣಿತ ತರಗತಿಯಲ್ಲಿ ಅಳೆದ ಒಂದು ಪಾಠ

ಪಾಠದ ಹಿನ್ನೆಲೆ

ಮೊಬೈಲ್ ಅಥವಾ ಟ್ಯಾಬ್‌ನಲ್ಲಿ ಘಟಕ ಪರೀಕ್ಷೆ ನಡೆಸುವುದು ಈಗ ಅಭ್ಯಾಸ ಬೋಧನೆಯ ಸಾಮಾನ್ಯ ಭಾಗವಾಗಿದೆ. ವಿದ್ಯಾರ್ಥಿ ಉತ್ತರದ ಬಟನ್ ಒತ್ತುತ್ತಾನೆ, ಅಂಕ ತಾನಾಗಿಯೇ ಬೀಳುತ್ತದೆ, ನಾವು ಅದನ್ನು ದಾಖಲೆಗೆ ಇಳಿಸುತ್ತೇವೆ. ಆದರೆ ಬೆರಳು ಪರದೆಗೆ ತಾಗುವುದಕ್ಕೂ ಉತ್ತರ ದಾಖಲಾಗುವುದಕ್ಕೂ ನಡುವೆ ಯಂತ್ರ ಒಂದು ತೀರ್ಮಾನ ಮಾಡಬೇಕು: ಈ ಬೆರಳು ಒತ್ತಿತೋ, ಎಳೆಯಿತೋ? ಒತ್ತಿತು ಎಂದಾದರೆ ಉತ್ತರ ದಾಖಲಾಗುತ್ತದೆ. ಎಳೆಯಿತು ಎಂದಾದರೆ ಪುಟ ಮೇಲಕ್ಕೋ ಕೆಳಕ್ಕೋ ಸರಿಯುತ್ತದೆ, ಉತ್ತರ ಖಾಲಿ ಉಳಿಯುತ್ತದೆ.

ಚಿತ್ತಾಕುಲದ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನನ್ನ ಶಾಲಾ ಅನುಭವದ ಅವಧಿಯಲ್ಲಿ ಎಂಟನೇ ತರಗತಿಯ ಇಂಥ ಒಂದು ಪರೀಕ್ಷೆಯನ್ನು ವೀಕ್ಷಿಸುತ್ತಿದ್ದೆ. ಒಬ್ಬ ವಿದ್ಯಾರ್ಥಿನಿಯ ಫಲಿತಾಂಶದಲ್ಲಿ ಖಾಲಿ ಉತ್ತರಗಳೇ ಹೆಚ್ಚಿದ್ದವು. ಅವೇ ಪ್ರಶ್ನೆಗಳನ್ನು ಬಾಯಿಯಲ್ಲಿ ಕೇಳಿದಾಗ ಅವಳು ತಡವರಿಸದೆ ಹೇಳಿದಳು. ಮತ್ತೆ ಟ್ಯಾಬ್ ಕೊಟ್ಟು ನೋಡಿದೆ. ಅವಳು ಹೆಬ್ಬೆರಳನ್ನು ಬಲವಾಗಿ ಊರಿ, ಬಿಡುವಾಗ ತುಸು ಕೆಳಕ್ಕೆ ಜಾರಿಸುತ್ತಿದ್ದಳು. ಅವಳ ಪ್ರತಿ ಒತ್ತನ್ನೂ ಯಂತ್ರ ಎಳೆತವೆಂದೇ ಓದುತ್ತಿತ್ತು. ಅವಳು ಮಾತ್ರ "ನಂಗೆ ಬರೂದಿಲ್ಲ ಟೀಚರ್" ಎಂದು ನಂಬಿಬಿಟ್ಟಿದ್ದಳು.

'ಗೊತ್ತಿಲ್ಲ' ಎಂಬುದೂ 'ತಾಗಲಿಲ್ಲ' ಎಂಬುದೂ ಅಂಕಪಟ್ಟಿಯಲ್ಲಿ ಒಂದೇ ಸೊನ್ನೆಯಾಗಿ ಕಾಣುತ್ತವೆ. ಇವೆರಡನ್ನು ಬೇರ್ಪಡಿಸಲು ಶಿಕ್ಷಕರಿಗೆ ಯಂತ್ರದ ನಿಯಮ ತಿಳಿದಿರಬೇಕು. ಆ ನಿಯಮದಲ್ಲಿ ಎಂಟನೇ ತರಗತಿಯ ಗಣಿತಕ್ಕಿಂತ ಹೆಚ್ಚಿನದೇನೂ ಇಲ್ಲ. ಆದ್ದರಿಂದ ಅದನ್ನೇ ಪಾಠವಾಗಿಸಿದೆ. ಆ ಪಾಠದ ವಿವರ ಇಲ್ಲಿದೆ.

ಶಿಕ್ಷಕರು ಮೊದಲು ತಿಳಿದಿರಬೇಕಾದದ್ದು

ಇಂದಿನ ಮೊಬೈಲ್ ಪರದೆಯ ಗಾಜಿನ ಕೆಳಗೆ ಕಣ್ಣಿಗೆ ಕಾಣದ ವಿದ್ಯುತ್ ವಾಹಕ ಗೆರೆಗಳು ಅಡ್ಡಲಾಗಿಯೂ ಲಂಬವಾಗಿಯೂ ಬಲೆಯಂತೆ ಹಾದುಹೋಗಿರುತ್ತವೆ. ಬೆರಳು ವಿದ್ಯುತ್ತನ್ನು ಹರಿಯಗೊಡುವ ವಸ್ತುವಾದ್ದರಿಂದ ಅದು ಹತ್ತಿರ ಬಂದಾಗ ಆ ಜಾಗದ ವಿದ್ಯುತ್ ಕ್ಷೇತ್ರ ಬದಲಾಗುತ್ತದೆ. ಬೆರಳ ತುದಿ ಒಂದು ಚುಕ್ಕಿಯಲ್ಲ, ಮೆತ್ತಗಿನ ಅಂಡಾಕಾರ. ಯಂತ್ರ ಆ ಇಡೀ ಪ್ರದೇಶದ ನಡುಬಿಂದುವನ್ನು ಲೆಕ್ಕಹಾಕಿ 'ಬೆರಳು ಇಲ್ಲಿದೆ' ಎನ್ನುತ್ತದೆ, ಮತ್ತು ಸೆಕೆಂಡಿಗೆ ಹಲವು ಹತ್ತು ಸಲ ಈ ಲೆಕ್ಕವನ್ನು ಹೊಸದಾಗಿ ಮಾಡುತ್ತದೆ. ಬಲವಾಗಿ ಒತ್ತಿದಾಗ ಬೆರಳ ಮೆದು ಭಾಗ ಹರಡುತ್ತದೆ, ಬಿಡುವಾಗ ಕುಗ್ಗುತ್ತದೆ. ಬೆರಳನ್ನು ಸರಿಸಲೇ ಇಲ್ಲ ಎಂದು ನಮಗೆ ಅನ್ನಿಸಿದರೂ ನಡುಬಿಂದು ಸ್ವಲ್ಪ ಸರಿದಿರುತ್ತದೆ. ಹಾಗಾಗಿ 'ಸ್ವಲ್ಪವೂ ಅಲುಗದಿದ್ದರೆ ಮಾತ್ರ ಒತ್ತು' ಎಂಬ ನಿಯಮ ನಡೆಯುವುದಿಲ್ಲ. ಸ್ವಲ್ಪ ಅಲುಗಾಟವನ್ನು ಕ್ಷಮಿಸಲೇಬೇಕು.

ಎಷ್ಟು ಕ್ಷಮಿಸಬೇಕು ಎಂಬುದಕ್ಕೆ ಒಂದು ಮಿತಿ ಇದೆ. ಆಂಡ್ರಾಯ್ಡ್‌ನ ಮೂಲ ವ್ಯವಸ್ಥೆಯಲ್ಲಿ ಈ ಮಿತಿ 8 ಡಿಪಿ. 1 ಡಿಪಿ ಎಂದರೆ ಒಂದು ಇಂಚಿನ 160ನೇ ಒಂದು ಭಾಗ. ಫೋನ್ ತಯಾರಕರು ಈ ಮಿತಿಯನ್ನು ತಮ್ಮ ಸಾಧನಕ್ಕೆ ತಕ್ಕಂತೆ ಬದಲಿಸಬಹುದು. ಬೆರಳು ಇಟ್ಟ ಜಾಗದಿಂದ ಈ ಅಂತರದೊಳಗೇ ಇದ್ದು ಎದ್ದರೆ ಒತ್ತು, ದಾಟಿದರೆ ಎಳೆತ. ಅಲುಗದೆ ಸುಮಾರು ಅರ್ಧ ಸೆಕೆಂಡ್ ಕೂತರೆ ಅದು ಮೂರನೆಯ ಜಾತಿ, ಒತ್ತಿ ಹಿಡಿಯುವುದು. ಐಫೋನ್‌ನಲ್ಲಿ ಒತ್ತಿ ಹಿಡಿಯುವುದಕ್ಕೆ ಮೂಲತಃ ಇಟ್ಟಿರುವ ಮಿತಿ ಅರ್ಧ ಸೆಕೆಂಡ್, ಆ ಹೊತ್ತಿನಲ್ಲಿ ಬೆರಳಿಗೆ ಅನುಮತಿಸಿರುವ ಅಲುಗಾಟ 10 ಪಾಯಿಂಟ್.

ಎಲ್ಲ ಬಟನ್‌ಗಳಿಗೂ ತೀರ್ಪು ಒಂದೇ ರೀತಿ ಅಲ್ಲ. ಮೂರು ಸಂದರ್ಭಗಳನ್ನು ಬೇರೆ ಮಾಡಿಕೊಳ್ಳಬೇಕು.

1. ಸರಿಯದ ಪುಟದಲ್ಲಿ ಒಂಟಿಯಾಗಿರುವ ಬಟನ್. ಇಲ್ಲಿ ಎಳೆಯಲು ಏನೂ ಇಲ್ಲ. ಬೆರಳು ಬಟನ್‌ನ ಗಡಿಯೊಳಗೇ ಇದ್ದು ಎದ್ದರೆ ಸಾಕು, ಒಳಗೆ ಎಷ್ಟು ಅಲುಗಿದರೂ ಒತ್ತೇ. ಬೆರಳನ್ನು ಹೊರಗೆ ಜಾರಿಸಿ ಬಿಟ್ಟರೆ ಒತ್ತು ರದ್ದು.

2. ಮೇಲೆ ಕೆಳಗೆ ಸರಿಯುವ ಪಟ್ಟಿಯೊಳಗಿನ ಬಟನ್. ಇಲ್ಲಿ ಬೆರಳಿಗೆ ಇಬ್ಬರು ಹಕ್ಕುದಾರರು, ಬಟನ್ ಮತ್ತು ಪಟ್ಟಿ. ಪಟ್ಟಿ ಸರಿಯುವ ದಿಕ್ಕಿನಲ್ಲಿ ಬೆರಳು ಮಿತಿ ದಾಟಿದ ಕೂಡಲೇ ಪಟ್ಟಿ ಬೆರಳನ್ನು ತನ್ನದಾಗಿಸಿಕೊಂಡು ಬಟನ್‌ಗೆ 'ರದ್ದು' ಎಂಬ ಸೂಚನೆ ಕಳಿಸುತ್ತದೆ. ಹೆಚ್ಚಿನ ರಸಪ್ರಶ್ನೆಗಳ ಉತ್ತರದ ಬಟನ್‌ಗಳು ಈ ಗುಂಪಿನವು.

3. ತಾನೇ ಎಳೆಸಿಕೊಳ್ಳುವ ಬಟನ್. ಹೊಂದಿಸಿ ಬರೆಯಿರಿ ಮಾದರಿಯ ಪ್ರಶ್ನೆಗಳಲ್ಲಿ ಪದವನ್ನು ಎಳೆದು ಚಿತ್ರದ ಬಳಿ ಬಿಡುವುದು ಇದಕ್ಕೆ ಉದಾಹರಣೆ. ಇಲ್ಲಿ ಮಿತಿ ದಾಟಿದ ಮೇಲೆ 'ಎಳೆತ ನಡೆದಿದೆ' ಎಂಬ ಗುರುತನ್ನು ಇಟ್ಟುಕೊಳ್ಳದಿದ್ದರೆ, ಬೆರಳು ಎದ್ದಾಗ ಎಳೆತದ ಜೊತೆಗೆ ಒತ್ತೂ ನಡೆದುಹೋಗುತ್ತದೆ.

ಕಲಿಕಾ ಫಲಗಳು

ಪಾಠದ ಕೊನೆಗೆ ವಿದ್ಯಾರ್ಥಿಗಳು ಎರಡು ಬಿಂದುಗಳ ನಡುವಿನ ಅಂತರವನ್ನು ಪೈಥಾಗೊರಸ್ ಪ್ರಮೇಯದಿಂದ ಕಂಡುಹಿಡಿಯುವರು. ಸ್ಥಿರ ಅಂತರದ ಮಿತಿ ವೃತ್ತವಾಗುವುದನ್ನು ಗ್ರಹಿಸುವರು. ಕೊಟ್ಟ ಬೆರಳ ಚಲನೆಯನ್ನು ಒತ್ತು, ಎಳೆತ, ಒತ್ತಿ ಹಿಡಿತ ಎಂದು ಕಾರಣಸಹಿತ ವಿಂಗಡಿಸುವರು. ಮಿತಿಯನ್ನು ಹೆಚ್ಚು ಕಡಿಮೆ ಮಾಡಿದರೆ ಯಾರಿಗೆ ಅನುಕೂಲ, ಯಾರಿಗೆ ತೊಂದರೆ ಎಂದು ಚರ್ಚಿಸುವರು.

ಸಾಮಗ್ರಿ: ಗ್ರಾಫ್ ಹಾಳೆ, ಕೈವಾರ, ಅಳತೆಪಟ್ಟಿ, ಗುಂಪಿಗೊಂದು ಹುಣಸೆಬೀಜ, ಶಿಕ್ಷಕರ ಬಳಿ ಒಂದು ಫೋನ್. ಅವಧಿ: 40 ನಿಮಿಷ.

ಪಾಠ ನಡೆದ ಬಗೆ

ತೊಡಗಿಸಿಕೊಳ್ಳುವಿಕೆ (5 ನಿಮಿಷ). ಚಿತ್ತಾಕುಲ ಕಾಳಿ ನದಿ ಕಡಲು ಸೇರುವ ಕಡೆಯ ಊರು. ಗಾಳ ಹಾಕುವುದನ್ನು ನೋಡದ ಮಗು ತರಗತಿಯಲ್ಲಿ ಇರಲಿಲ್ಲ. "ದಾರ ಸ್ವಲ್ಪ ಅಲುಗಿದ ಕೂಡಲೇ ಗಾಳ ಎಳೀತಾರಾ?" ಎಂದು ಕೇಳಿದೆ. "ಇಲ್ಲ ಟೀಚರ್, ಅದು ನೀರಿಗೆ ಅಲುಗೂದು" ಎಂಬ ಉತ್ತರ ಬಂತು. "ಮತ್ತೆ ಯಾವಾಗ ಎಳೀತಾರೆ?" "ಮೀನು ಎಳ್ಕೊಂಡು ಹೋದ್ರೆ." ತೆರೆಯ ಅಲುಗಾಟಕ್ಕೂ ಮೀನಿನ ಎಳೆತಕ್ಕೂ ನಡುವೆ ಗಾಳ ಹಿಡಿದವರ ಕೈಯಲ್ಲಿ ಒಂದು ಮಿತಿ ಇದೆ ಎಂದು ಮಕ್ಕಳೇ ಹೇಳಿದ ಮೇಲೆ, ಫೋನ್‌ಗೂ ಅಂಥದೇ ಒಂದು ಮಿತಿ ಬೇಕು ಎಂಬಲ್ಲಿಗೆ ಬಂದೆವು. ಮನೆಮಾತು ಕೊಂಕಣಿಯಾಗಿರುವ ಮಕ್ಕಳು ಹೆಚ್ಚಿದ್ದರಿಂದ 'ದಾಂಬ್' ಮತ್ತು 'ವೋಡ್' ಎಂಬ ಅವರ ಪದಗಳನ್ನು 'ಒತ್ತು', 'ಎಳೆ' ಪದಗಳ ಪಕ್ಕದಲ್ಲೇ ಕಪ್ಪುಹಲಗೆಯ ಮೇಲೆ ಬರೆದೆ. ಇದರಿಂದ ಮುಂದಿನ ವಾದಗಳಲ್ಲಿ ಯಾರೂ ಮಾತಿಗಾಗಿ ತಡಕಾಡಬೇಕಾಗಲಿಲ್ಲ.

ಪರಿಶೋಧನೆ (15 ನಿಮಿಷ). ಮೊದಲು ಮಿತಿಯ ನಿಜವಾದ ಅಳತೆ. 8 ಡಿಪಿ ಎಂದರೆ 8/160 ಇಂಚು, ಅಂದರೆ 1/20 ಇಂಚು. 1 ಇಂಚು 25.4 ಮಿಲಿಮೀಟರ್ ಆದ್ದರಿಂದ 25.4 ÷ 20 = 1.27 ಮಿಲಿಮೀಟರ್. ಅಳತೆಪಟ್ಟಿಯಲ್ಲಿ 1.27 ಮಿಲಿಮೀಟರ್ ಎಷ್ಟೆಂದು ನೋಡಿದಾಗ ಮಕ್ಕಳಿಗೆ ನಂಬಿಕೆಯೇ ಬರಲಿಲ್ಲ. ಅದು ಇಷ್ಟು ಚಿಕ್ಕದಾದ್ದರಿಂದಲೇ ಅದನ್ನು ದೊಡ್ಡದು ಮಾಡಿ ನೋಡಬೇಕಾಯಿತು. ಗ್ರಾಫ್ ಹಾಳೆಯಲ್ಲಿ 1 ಡಿಪಿಗೆ 5 ಮಿಲಿಮೀಟರ್ ಪ್ರಮಾಣ ತೆಗೆದುಕೊಂಡೆವು. ಆಗ ಮಿತಿ 40 ಮಿಲಿಮೀಟರ್, ಸುಮಾರು 31 ಪಟ್ಟು ಹಿಗ್ಗಿದ ಚಿತ್ರ.

ಪ್ರತಿ ಗುಂಪಿನಲ್ಲಿ ಮೂವರು: ಬೆರಳು, ಅಳತೆಗಾರ, ತೀರ್ಪುಗಾರ. ಹುಣಸೆಬೀಜವನ್ನು ಮೂಲಬಿಂದುವಿನಲ್ಲಿಡುವುದೆಂದರೆ ಬೆರಳು ಪರದೆ ಮುಟ್ಟಿದಂತೆ, ಎತ್ತುವುದೆಂದರೆ ಬೆರಳು ಎದ್ದಂತೆ. 'ಬೆರಳು' ನಾನು ಕೊಟ್ಟ ಚೀಟಿಯಂತೆ ಬೀಜವನ್ನು ಸರಿಸುತ್ತದೆ, ಅಳತೆಗಾರ ಅಂತರ ಹೇಳುತ್ತಾನೆ, ತೀರ್ಪುಗಾರ ಕಾರಣ ಕೊಟ್ಟು ತೀರ್ಪು ಬರೆಯುತ್ತಾನೆ. ಚೀಟಿಗಳು ಹೀಗಿದ್ದವು:

ಚೀಟಿ 1: ಅಡ್ಡಕ್ಕೆ 3, ಲಂಬಕ್ಕೆ 4 ಸರಿದು ಬೇಗನೆ ಎದ್ದಿತು.
ಚೀಟಿ 2: ಅಡ್ಡಕ್ಕೆ 6, ಲಂಬಕ್ಕೆ 6 ಸರಿದು ಎದ್ದಿತು.
ಚೀಟಿ 3: ಅಡ್ಡಕ್ಕೆ 9 ಸರಿದು, ಮತ್ತೆ ಹಿಂದೆ ಬಂದು 1ರಲ್ಲಿ ಎದ್ದಿತು.
ಚೀಟಿ 4: ಒಂದೊಂದೇ ಡಿಪಿಯಂತೆ ಹತ್ತು ಹೆಜ್ಜೆ ಅಡ್ಡಕ್ಕೆ ಹೋಗಿ ಎದ್ದಿತು.
ಚೀಟಿ 5: ಅಲುಗದೆ ಒಂದು ಸೆಕೆಂಡ್ ಕೂತು ಎದ್ದಿತು.

ವಿವರಿಸುವಿಕೆ (10 ನಿಮಿಷ). ಚೀಟಿ 1ರಲ್ಲಿ 9 + 16 = 25, ಅಂತರ 5. ಮಿತಿಯೊಳಗೆ, ಆದ್ದರಿಂದ ಒತ್ತು. ಇದರಲ್ಲಿ ಜಗಳವಿಲ್ಲ.

ಚೀಟಿ 2ರಲ್ಲಿ ಗುಂಪುಗಳು ಒಡೆದವು. "ಅಡ್ಡವೂ 8ಕ್ಕಿಂತ ಕಡಿಮೆ, ಲಂಬವೂ 8ಕ್ಕಿಂತ ಕಡಿಮೆ, ಹಾಗಾಗಿ ಒತ್ತು" ಎಂದಿತು ಒಂದು ಗುಂಪು. ಇನ್ನೊಂದು ಗುಂಪು ಅಳತೆಪಟ್ಟಿ ಇಟ್ಟು ತೋರಿಸಿತು. 36 + 36 = 72, ಅದರ ವರ್ಗಮೂಲ ಸುಮಾರು 8.49. ಮಿತಿ ದಾಟಿದೆ. ಎರಡೂ ಗುಂಪುಗಳನ್ನು ಕಪ್ಪುಹಲಗೆಗೆ ಕರೆದು ತಮ್ಮ ತಮ್ಮ ಮಿತಿಯ ಚಿತ್ರ ಬರೆಯಲು ಹೇಳಿದೆ. ಮೊದಲ ಗುಂಪಿನದು 16 ಡಿಪಿ ಬಾಹುವಿನ ಚೌಕ, ಎರಡನೆಯದರದು 8 ಡಿಪಿ ತ್ರಿಜ್ಯದ ವೃತ್ತ. ಬೀಜ ಚೌಕದ ಮೂಲೆಯಲ್ಲಿತ್ತು, ವೃತ್ತದ ಹೊರಗಿತ್ತು. ಚೌಕದ ನಿಯಮದಲ್ಲಿ ಓರೆಯಾಗಿ ಹೋಗುವ ಬೆರಳಿಗೆ ಹೆಚ್ಚು ರಿಯಾಯಿತಿ ಸಿಗುತ್ತದೆ. ಎಲ್ಲ ದಿಕ್ಕಿಗೂ ಒಂದೇ ನ್ಯಾಯ ಬೇಕೆಂದರೆ ವೃತ್ತವೇ ಬೇಕು ಎಂದು ಒಬ್ಬ ಹುಡುಗ ಹೇಳಿದ. ಪ್ರಮೇಯವನ್ನು ಸೂತ್ರವಾಗಿ ಬಲ್ಲ ಮಕ್ಕಳಿಗೆ ಅದು ಯಾಕೆ ಬೇಕು ಎಂಬುದು ಇಲ್ಲಿ ತಿಳಿಯಿತು. ಮೇಲೆ ಕೆಳಗೆ ಮಾತ್ರ ಸರಿಯುವ ಪಟ್ಟಿಯಲ್ಲಿ ಲಂಬ ಅಂತರವೊಂದನ್ನೇ ನೋಡುವುದುಂಟು ಎಂಬುದನ್ನೂ ಸೇರಿಸಿದೆ.

ಚೀಟಿ 3 ಅತಿ ಹೆಚ್ಚು ಗದ್ದಲ ಎಬ್ಬಿಸಿತು. "ವಾಪಸ್ ಬಂತಲ್ಲ ಟೀಚರ್! ಈಗ 1ರಲ್ಲೇ ಇದೆ!" ನಾನು ತೀರ್ಪು ಕೊಡದೆ ಒಂದು ಸಂದರ್ಭ ಕೊಟ್ಟೆ. ಫೋಟೋಗಳ ಪಟ್ಟಿಯನ್ನು ಬೆರಳಿಂದ ಮೇಲಕ್ಕೆ ಎಳೆದು, ಕೆಳಗೆ ಏನಿದೆ ಎಂದು ಇಣುಕಿ, ಬೆರಳೆತ್ತದೆ ಮತ್ತೆ ಕೆಳಕ್ಕೆ ತಂದು ಬಿಟ್ಟಿರಿ. ಕೊನೆಯ ಜಾಗವನ್ನು ಮಾತ್ರ ನೋಡಿದರೆ ಏನಾಗುತ್ತದೆ? "ಫೋಟೋ ತೆರೀತದೆ, ನಾವು ತೆರೀಲಿಕ್ಕೆ ಹೇಳಲೇ ಇಲ್ಲ" ಎಂದರು. ಹಾಗಾದರೆ ಯಂತ್ರಕ್ಕೆ ನೆನಪು ಬೇಕು. ಒಮ್ಮೆ ಮಿತಿ ದಾಟಿದರೆ ದಾಟಿದಂತೆಯೇ, ಹಿಂದೆ ಬಂದರೂ ಅದು ಮತ್ತೆ ಒತ್ತಾಗುವುದಿಲ್ಲ. ತೀರ್ಪು ನಿಲ್ಲುವುದು ಬೆರಳು ಹೋದ ದಾರಿಯ ಮೇಲೆ, ಕೊನೆಯ ಬಿಂದುವಿನ ಮೇಲಲ್ಲ.

ಚೀಟಿ 4ರಲ್ಲಿ ಅಂತರವನ್ನು ಎಲ್ಲಿಂದ ಅಳೆಯಬೇಕು ಎಂಬ ಪ್ರಶ್ನೆ ಇದೆ. ಹಿಂದಿನ ಹೆಜ್ಜೆಯಿಂದ ಅಳೆದರೆ ಪ್ರತಿ ಸಲ 1 ಮಾತ್ರ, ಮಿತಿ ಎಂದೂ ದಾಟುವುದಿಲ್ಲ, ನಿಧಾನವಾಗಿ ಎಳೆದವನ ಎಳೆತ ಎಳೆತವೇ ಅಲ್ಲ ಎಂದಾಗುತ್ತದೆ. ಬೆರಳು ಮೊದಲು ಮುಟ್ಟಿದ ಬಿಂದುವಿನಿಂದ ಅಳೆದರೆ ಒಂಬತ್ತನೇ ಹೆಜ್ಜೆಗೆ ಮಿತಿ ದಾಟುತ್ತದೆ. ಚೀಟಿ 5ರಲ್ಲಿ ಅಂತರ ಸೊನ್ನೆ, ಆದರೂ ಒತ್ತಲ್ಲ, ಒತ್ತಿ ಹಿಡಿತ. ಇದರಿಂದ ತೀರ್ಪಿಗೆ ಅಂತರದ ಜೊತೆ ಸಮಯವೂ ಬೇಕೆಂದು ತಿಳಿಯಿತು.

ಮಕ್ಕಳು ತಾವೇ ಕಂಡುಕೊಂಡ ನಿಯಮವನ್ನು ಕಪ್ಪುಹಲಗೆಯ ಮೇಲೆ ಹೀಗೆ ಬರೆಸಿದೆ: ಬೆರಳು ಮುಟ್ಟಿದಾಗ ಜಾಗವನ್ನೂ ಸಮಯವನ್ನೂ ಬರೆದುಕೋ. ಬೆರಳು ಸರಿದಾಗಲೆಲ್ಲ ಮೊದಲ ಜಾಗದಿಂದ ಅಂತರ ಅಳೆ. 8 ದಾಟಿದರೆ 'ಎಳೆತ' ಎಂದು ಗುರುತು ಹಾಕು, ಆ ಗುರುತನ್ನು ಅಳಿಸಬೇಡ. ಗುರುತು ಬೀಳದೆ ಅರ್ಧ ಸೆಕೆಂಡ್ ಕಳೆದರೆ 'ಒತ್ತಿ ಹಿಡಿತ'. ಎರಡೂ ಆಗದೆ ಬೆರಳು ಎದ್ದರೆ 'ಒತ್ತು'.

ವಿಸ್ತರಿಸುವಿಕೆ (7 ನಿಮಿಷ). "ಮಿತಿಯನ್ನು ಸೊನ್ನೆ ಮಾಡಿದರೆ? 40 ಮಾಡಿದರೆ?" ಎಂದು ಕೇಳಿದೆ. ಸೊನ್ನೆ ಮಾಡಿದರೆ ಯಾರ ಒತ್ತೂ ಒತ್ತಾಗದು ಎಂದರು. 40 ಮಾಡಿದರೆ ಎಷ್ಟು ಎಳೆದರೂ ಪಟ್ಟಿ ಕೂಡಲೇ ಅಲುಗದೆ ಅಂಟಿಕೊಂಡಂತೆ ಅನ್ನಿಸುತ್ತದೆ, ಚಿಕ್ಕ ಎಳೆತಗಳೆಲ್ಲ ಒತ್ತಾಗಿ ಬೇಡದ್ದು ತೆರೆಯುತ್ತದೆ. "ಹಾಗಾದರೆ ಕೈ ನಡುಗುವ ಅಜ್ಜನಿಗೆ?" ಎಂದು ಕೇಳಿದಾಗ ತರಗತಿ ಸ್ವಲ್ಪ ಹೊತ್ತು ಸುಮ್ಮನಾಯಿತು. "ಅಜ್ಜಂಗೆ ದೊಡ್ಡ ವೃತ್ತ ಬೇಕು" ಎಂದಳು ಒಬ್ಬಳು. ಪರೀಕ್ಷೆಯಲ್ಲಿ ಖಾಲಿ ಉತ್ತರ ಬಂದಿದ್ದ ಹುಡುಗಿ ತನ್ನ ಹೆಬ್ಬೆರಳನ್ನು ಫೋನ್ ಮೇಲೆ ಊರಿ ಬಿಟ್ಟು ನೋಡಿ, "ಹಂಗಾರೆ ನಂಗೆ ಬರ್ತಿತ್ತು, ಮೊಬೈಲಿಗೆ ಗೊತ್ತಾಗ್ಲಿಲ್ಲ" ಎಂದಳು. ಅವಳು ಮುಂದೆ ತೋರುಬೆರಳಿನಿಂದ ಹಗುರಾಗಿ ಮುಟ್ಟಿ ನೇರ ಮೇಲೆತ್ತಲು ಆರಂಭಿಸಿದಳು, ಉತ್ತರಗಳು ದಾಖಲಾದವು.

ಮೌಲ್ಯಮಾಪನ (3 ನಿಮಿಷ). ಎರಡು ಪ್ರಶ್ನೆ. ಒಂದು, ಅಡ್ಡಕ್ಕೆ 5, ಲಂಬಕ್ಕೆ 6 ಸರಿದು ಕೂಡಲೇ ಎದ್ದ ಬೆರಳಿಗೆ ತೀರ್ಪು ಕೊಡಿ. 25 + 36 = 61, ವರ್ಗಮೂಲ 8ಕ್ಕಿಂತ ಕಡಿಮೆ, ಆದ್ದರಿಂದ ಒತ್ತು. ವರ್ಗಮೂಲ ತೆಗೆಯದೆ 61ನ್ನು 64ಕ್ಕೆ ಹೋಲಿಸಿದರೂ ಸಾಕು ಎಂದು ಕೆಲವರು ತಾವಾಗಿ ಕಂಡುಕೊಂಡರು. ಕಾರ್ಯಕ್ರಮ ಬರೆಯುವವರೂ ಲೆಕ್ಕ ಉಳಿಸಲು ಇದನ್ನೇ ಮಾಡುತ್ತಾರೆ. ಎರಡು, ತಪ್ಪು ಬಟನ್ ಮೇಲೆ ಬೆರಳಿಟ್ಟುಬಿಟ್ಟರೆ ಏನು ಮಾಡಬಹುದು? ಉತ್ತರ: ಬೆರಳೆತ್ತದೆ ಬಟನ್‌ನ ಹೊರಗೆ ಜಾರಿಸಿ ಬಿಡುವುದು. ಬಟನ್‌ನ ಕೆಲಸ ಬೆರಳು ಇಟ್ಟಾಗಲ್ಲ, ಎದ್ದಾಗ ನಡೆಯುವುದರಿಂದಲೇ ಈ ದಾರಿ ಸಾಧ್ಯ.

ಗಾಳದ ಹೋಲಿಕೆಯ ಮಿತಿ

ಗಾಳ ಹಿಡಿದವರ ಕೈ ಅನುಭವದಿಂದ ಕಲಿಯುತ್ತದೆ. ಕಡಲು ಜೋರಿದ್ದ ದಿನ ಅವರು ತಮ್ಮ ಮಿತಿಯನ್ನು ತಾವೇ ಬದಲಿಸುತ್ತಾರೆ. ಫೋನ್‌ನ ಮಿತಿ ಯಾರೋ ಮೊದಲೇ ಬರೆದಿಟ್ಟ ಒಂದು ಸಂಖ್ಯೆ. ಎದುರಿಗಿರುವುದು ನಡುಗುವ ಕೈಯೋ, ಒದ್ದೆ ಕೈಯೋ ಎಂದು ನೋಡಿ ಆ ಸಂಖ್ಯೆ ತಾನಾಗಿ ಬದಲಾಗದು. ಈ ವ್ಯತ್ಯಾಸವನ್ನು ತರಗತಿಯಲ್ಲಿ ಹೇಳಲೇಬೇಕು. ಇಲ್ಲವಾದರೆ ಯಂತ್ರಕ್ಕೂ ಮನುಷ್ಯನ ವಿವೇಕ ಇದೆ ಎಂಬ ಭಾವನೆ ಮಕ್ಕಳಲ್ಲಿ ಉಳಿಯುತ್ತದೆ.

ಪ್ರಶಿಕ್ಷಣಾರ್ಥಿಗಳಿಗೆ ಮತ್ತು ವೀಕ್ಷಕರಿಗೆ

ಈ ಪಾಠದಿಂದ ನನ್ನ ಮೌಲ್ಯಮಾಪನ ಕ್ರಮದಲ್ಲಿ ಕೆಲವು ಬದಲಾವಣೆ ಮಾಡಿಕೊಂಡಿದ್ದೇನೆ. ಇತರರಿಗೂ ಉಪಯೋಗವಾಗಬಹುದು.

ಪರದೆಯ ಮೇಲಿನ ಪರೀಕ್ಷೆಯ ದಾಖಲೆಯಲ್ಲಿ 'ಸರಿ', 'ತಪ್ಪು' ಜೊತೆಗೆ 'ಖಾಲಿ' ಎಂಬ ಮೂರನೆಯ ಕಾಲಂ ಇಡುವುದು ಒಳ್ಳೆಯದು. ಖಾಲಿ ಉಳಿದ ಪ್ರತಿ ಪ್ರಶ್ನೆಯನ್ನೂ ಬಾಯಿಯಲ್ಲಿ ಕೇಳಿದ ಮೇಲೆಯೇ ಅಂಕ ಬರೆಯಬೇಕು. ತಪ್ಪು ಉತ್ತರವನ್ನು ಮಗು ಆಯ್ದುಕೊಂಡಿರುತ್ತದೆ, ಖಾಲಿಯನ್ನು ಯಂತ್ರವೂ ಕೊಟ್ಟಿರಬಹುದು.

ವೀಕ್ಷಣೆಗೆ ಕೂತವರು ಪರದೆಯ ಜೊತೆಗೆ ಮಗುವಿನ ಬೆರಳನ್ನೂ ನೋಡಬೇಕು. ಬಟನ್ ಬಣ್ಣ ಬದಲಾಗಿ ಮತ್ತೆ ಹಿಂದಿನಂತಾಗಿ ಪುಟ ಸರಿದರೆ, ಯಂತ್ರ ಒತ್ತನ್ನು ಎಳೆತವೆಂದು ಓದಿದೆ ಎಂದರ್ಥ. ಮಳೆಗಾಲದಲ್ಲಿ ಕೊಡೆ ಮಡಚಿ ಒಳಬಂದ ಮಗುವಿನ ಒದ್ದೆ ಬೆರಳೂ ತೊಂದರೆ ಕೊಡುತ್ತದೆ. ನೀರ ಹನಿಯೂ ಪರದೆಯ ವಿದ್ಯುತ್ ಕ್ಷೇತ್ರವನ್ನು ಬದಲಿಸುವುದರಿಂದ ಯಂತ್ರಕ್ಕೆ ಬೆರಳ ಜಾಗ ಸರಿಯಾಗಿ ಸಿಗುವುದಿಲ್ಲ. ಪರೀಕ್ಷೆಗೆ ಮುನ್ನ ಕೈಯನ್ನೂ ಪರದೆಯನ್ನೂ ಒಣಬಟ್ಟೆಯಿಂದ ಒರೆಸಬೇಕು.

ಪ್ರಶ್ನೆ ತಯಾರಿಸುವಾಗ ಒಂದು ಪ್ರಶ್ನೆಗೆ ಒಂದು ಪುಟ ಇಟ್ಟು, ಪುಟ ಸರಿಸಬೇಕಾಗದಂತೆ ಮಾಡಿದರೆ ಬಟನ್‌ಗೂ ಪಟ್ಟಿಗೂ ನಡುವಿನ ಹಕ್ಕಿನ ಜಗಳವೇ ಇರುವುದಿಲ್ಲ. ಬಟನ್ ದೊಡ್ಡದಿರಲಿ. ಆಂಡ್ರಾಯ್ಡ್ ಶಿಫಾರಸು ಮಾಡುವ ಕನಿಷ್ಠ ಅಳತೆ 48 ಡಿಪಿ, ಅಂದರೆ ಮೇಲಿನ ಲೆಕ್ಕದಂತೆ ಸುಮಾರು 7.6 ಮಿಲಿಮೀಟರ್.

ಎಳೆದು ಹೊಂದಿಸುವ ಪ್ರಶ್ನೆಗಳಿಗೆ ಎಳೆಯದೆ ಉತ್ತರಿಸುವ ದಾರಿಯೂ ಇರಬೇಕು. ಮೊದಲು ಪದವನ್ನು ಒತ್ತಿ, ನಂತರ ಅದು ಸೇರಬೇಕಾದ ಜಾಗವನ್ನು ಒತ್ತಿದರೆ ಸಾಕು ಎಂಬಂತೆ ಮಾಡಬಹುದು. 2023ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ವೆಬ್ ಸುಗಮ್ಯತಾ ಮಾರ್ಗಸೂಚಿಯ 2.2ನೇ ಆವೃತ್ತಿ ಎಳೆತಕ್ಕೆ ಇಂಥ ಬದಲಿ ದಾರಿಯನ್ನು ಕೇಳುತ್ತದೆ. ಸೆರೆಬ್ರಲ್ ಪಾಲ್ಸಿ ಇರುವ ಮಗು ತರಗತಿಯಲ್ಲಿದ್ದರೆ ಇದೊಂದು ಸೌಲಭ್ಯವಾಗಿ ಉಳಿಯದೆ ಆ ಮಗುವಿನ ಹಕ್ಕೇ ಆಗುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ವೈಕಲ್ಯಗಳಲ್ಲಿ ಅದೂ ಸೇರಿದೆ. ಫೋನ್‌ನ ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಸೆಸಿಬಿಲಿಟಿ ವಿಭಾಗಕ್ಕೆ ಹೋದರೆ ಒತ್ತಿ ಹಿಡಿಯುವ ಸಮಯವನ್ನು ಹೆಚ್ಚಿಸಬಹುದು. ನಿಧಾನವಾಗಿ ಬೆರಳೆತ್ತುವ ಮಗುವಿಗೆ ಇದರಿಂದ ಅನುಕೂಲವಾಗುತ್ತದೆ.

ಅಭ್ಯಾಸ ಬೋಧನೆಯಲ್ಲಿ ಅಂಕ ಕೊಡುವ ಅಧಿಕಾರ ಮೊದಲ ಬಾರಿಗೆ ನಮ್ಮ ಕೈಗೆ ಬರುತ್ತದೆ. ಆ ಅಧಿಕಾರದ ಒಂದು ಪಾಲನ್ನು ಪರದೆಗೆ ಬಿಟ್ಟುಕೊಟ್ಟಾಗ, ಪರದೆ ಯಾವ ನಿಯಮದಿಂದ ತೀರ್ಪು ಕೊಡುತ್ತದೆ ಎಂದು ಕೇಳುವ ಹೊಣೆ ನಮ್ಮಲ್ಲೇ ಉಳಿಯುತ್ತದೆ. 1.27 ಮಿಲಿಮೀಟರ್ ಅಲುಗಿದ್ದಕ್ಕೆ ಒಂದು ಮಗು ತನಗೆ ಗಣಿತ ಬರುವುದಿಲ್ಲ ಎಂದು ನಂಬಿಕೊಳ್ಳದಂತೆ ನೋಡಿಕೊಳ್ಳುವುದು ಶಿಕ್ಷಕರ ಕೆಲಸ.